ಬೆಳಕು ಕಾಣದ ಆಟಗಳು

ಇಲ್ಲವಾದ ಗ್ರಂಥಗಳಿಗೂ ಚರಿತ್ರೆಯಲ್ಲಿ ಸ್ಥಾನವುಂಟೆಂಬುದನ್ನು ಕನ್ನಡ ಸಾಹಿತ್ಯದ ಪರಿಚಯವುಳ್ಳವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಒಂದನೆಯ ಗುಣವರ್ಮನ ‘ಶೂದ್ರಕ’ವನ್ನಾಗಲಿ ‘ಹರಿವಂಶ’ವನ್ನಾಗಲಿ ಇಂದು ಇಡಿಯಾಗಿ ಓದಿದವರಿಲ್ಲ, ಲಕ್ಷಣಗ್ರಂಥಗಳಲ್ಲಿಯೂ ಸಂಕಲನಗಳಲ್ಲಿಯೂ ಉದಾಹರಣೆಯಾಗಿ ಬಂದ ಕೆಲವು ಪದ್ಯಗಳಿಂದಲೇ ಅವುಗಳ ಇರವು ನಮಗೆ ತಿಳಿದದ್ದು. ಪೊನ್ನನ ‘ಭುವನೈಕರಾಮಾಭ್ಯುದಯ’ವೂ ರನ್ನನ ‘ಪರಶುರಾಮಚರಿತ’ವೂ ನಮ್ಮ ಕೈಸೇರಿಲ್ಲ. ಆದರೂ ಆರ್. ನರಸಿಂಹಾಚಾರ್ಯರು ‘ಕರ್ಣಾಟಕ ಕವಿಚರಿತೆ’ಯನ್ನು ಬರೆಯುವಾಗ ದೊರೆಯದ ಕಾವ್ಯಗಳನ್ನು ಬಿಟ್ಟು ಮುಂದೆ ಹೋಗಲಿಲ್ಲ. ಕೈಗೆ ಸಿಕ್ಕಿದ ಕಾವ್ಯಗಳಷ್ಟನ್ನೇ ಲೆಕ್ಕಕ್ಕೆ ಹಿಡಿದಿದ್ದರೆ ಪಂಪನ ಮುಂಚೆ ಕನ್ನಡದಲ್ಲಿ ಕಾವ್ಯರಚನೆಯ ಪರಂಪರೆಯೊಂದಿತ್ತೆಂಬ ಕಲ್ಪನೆಯೇ ನಮಗೆ ಬಾರದೆ ಹೋಗುತ್ತಿತ್ತು; ಪಂಪನು ಬರಿಯ ಆಕಾಶದಿಂದ ಇಳಿದುಬಂದವನಂತೆ ತೋರುತ್ತಿದ್ದನು.

ಈ ಹಳೆಯ ಮಾತನ್ನು ಇಲ್ಲಿ ಎತ್ತುವುದಕ್ಕೆ ಹೊಸದೊಂದು ಕಾರಣವುಂಟು. ಕಳೆದ ಐವತ್ತು ವರುಷಗಳಲ್ಲಿ ಜಗತ್ತಿನಲ್ಲಿ ಒಂದು ಹೊಸ ಕಲೆ ಹುಟ್ಟಿ ಬೆಳೆದಿದೆ. ಅದು ಕಂಪ್ಯೂಟರ್ ಆಟಗಳ ಕಲೆ. ಈ ಕಲೆಯಲ್ಲಿ ಅರ್ಧಕ್ಕೆ ನಿಂತುಹೋದವು ಎಷ್ಟೋ. ಪೂರ್ಣವಾಗಿ ಸಿದ್ಧಗೊಂಡೂ ಪೇಟೆಯ ಮುಖ ಕಾಣದವು ಎಷ್ಟೋ. ಇವಕ್ಕೆ ಕವಿಚರಿತೆಯನ್ನು ಬರೆಯುವವರು ಯಾರು? ಬರೆಯುವ ಹೊತ್ತಿಗೆ ಆಧಾರವಾಗಿ ಏನು ಉಳಿದಿರುತ್ತದೆ? ಪುತ್ತೂರು, ಸುಳ್ಯ, ಕಡಬದ ಓದುಗರ ಮುಂದೆ ನಾನು ಇಂದು ಇಡಬೇಕೆಂದಿರುವ ಪ್ರಶ್ನೆ ಇದು.

‘ಆಟವೆಂದರೆ ಮಕ್ಕಳ ಹೊತ್ತುಗಳೆಯುವ ಸಾಧನ, ಅದಕ್ಕೆ ಚರಿತ್ರೆಯೇಕೆ?’ ಎನ್ನುವವರಿದ್ದಾರೆ. ಬೇರೆ ಸೀಮೆಯವರು ಹೀಗೆ ಕೇಳಿದರೆ ಒಪ್ಪಬಹುದು. ನಮ್ಮ ಸೀಮೆಯವರು ಕೇಳಬಾರದು. ಯಕ್ಷಗಾನವನ್ನು ‘ಆಟ’ ಎಂದೇ ಕರೆದವರು ನಾವು. ‘ನಿನ್ನೆ ಆಟಕ್ಕೆ ಹೋಗಿದ್ದೆ’ ಎಂದರೆ ಇಲ್ಲಿ ಅರ್ಥವಾಗದವರಿಲ್ಲ. ಹೆಸರು ಆಟವೆಂದಿದ್ದ ಮಾತ್ರಕ್ಕೆ ಅದನ್ನು ಹಗುರವಾಗಿ ಕಂಡವರೂ ಇಲ್ಲ. ಚಿತ್ರ, ಸಂಗೀತ, ಕಥೆ, ಗಣಿತ ಇವೆಲ್ಲ ಕೂಡಿದ ಹೊಸಬಗೆಯ ಆಟಕ್ಕೂ ಅಷ್ಟು ಮರ್ಯಾದೆ ಸಲ್ಲತಕ್ಕದ್ದೇ.

ಇನ್ನು, ಬೆಳಕು ಕಂಡ ಆಟಗಳನ್ನು ಬಿಟ್ಟು ಬೆಳಕು ಕಾಣದವುಗಳ ಗೊಡವೆಯೇಕೆಂಬ ಪ್ರಶ್ನೆ. ಇದಕ್ಕೆ ಒಂದೆರಡು ದೃಷ್ಟಾಂತಗಳೇ ಉತ್ತರ ಹೇಳಲಿ. ಜಪಾನಿನ ನಿಂಟೆಂಡೊ ಸಂಸ್ಥೆ ಬ್ರಿಟನ್ನಿನ ಆರ್ಗೊನಾಟ್ ಸಂಸ್ಥೆಯ ಪ್ರೋಗ್ರಾಮರುಗಳೊಡನೆ ಕೂಡಿ ‘ಸ್ಟಾರ್ ಫಾಕ್ಸ್ 2’ ಎಂಬ ಆಟವನ್ನು ಕಟ್ಟಿತು. 1995ರ ಹೊತ್ತಿಗೆ ಆಟ ಬಹುತೇಕ ಸಿದ್ಧವಾಗಿತ್ತು. ಅಷ್ಟರಲ್ಲಿ ಸೋನಿ, ಸೆಗಾ ಸಂಸ್ಥೆಗಳ ಹೆಚ್ಚು ಬಲಶಾಲಿಯಾದ ಯಂತ್ರಗಳು ಪೇಟೆಗೆ ಬಂದವು. ನಿಂಟೆಂಡೊದ್ದೇ ಆದ ಹೊಸ ಯಂತ್ರವೂ ಬರುವುದರಲ್ಲಿತ್ತು. ಹಳೆಯ ಯಂತ್ರದ ಆಟವನ್ನು ಇವುಗಳ ಪಕ್ಕದಲ್ಲಿ ನಿಲ್ಲಿಸಲು ಮನಸ್ಸಾಗದೆ ಅದನ್ನು ಕೈಬಿಟ್ಟರು. ಅದರೊಳಗಿನ ಹಲವು ಯೋಚನೆಗಳು 1997ರ ‘ಸ್ಟಾರ್ ಫಾಕ್ಸ್ 64’ರಲ್ಲಿ ಬಳಕೆಯಾದವು. 1997ರ ಆಟವನ್ನು ಹೊಗಳಿದವರಿಗೆ ಅದರ ಬೇರು ಎಲ್ಲಿತ್ತೆಂಬುದು ಕಾಣಿಸಲಿಲ್ಲ. ಕೊನೆಗೆ 2017ರಲ್ಲಿ, ಸಿದ್ಧವಾಗಿ ಇಪ್ಪತ್ತೆರಡು ವರುಷಗಳ ಮೇಲೆ, ನಿಂಟೆಂಡೊ ತಾನೇ ಅದನ್ನು ಹೊರತಂದಿತು. ಸಂಸ್ಥೆಯ ಕಪಾಟಿನಲ್ಲಿ ಅದು ಭದ್ರವಾಗಿದ್ದುದರಿಂದಲ್ಲವೆ ಇದು ಸಾಧ್ಯವಾದದ್ದು?

ಎಲ್ಲ ಆಟಗಳಿಗೂ ಅಂತಹ ಕಪಾಟು ದೊರೆಯುವುದಿಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಇಮ್ಯಾಜಿನ್ ಸಾಫ್ಟ್‌ವೇರ್ ಎಂಬ ಸಂಸ್ಥೆ ‘ಬ್ಯಾಂಡರ್‌ಸ್ನ್ಯಾಚ್’, ‘ಸೈಕ್ಲಾಪ್ಸ್’ ಎಂಬ ಎರಡು ಮಹಾ ಆಟಗಳನ್ನು ತರುವುದಾಗಿ ಜಾಹೀರಾತುಗಳಲ್ಲಿ ಸಾರಿತು. 1984ರ ಜುಲೈಯಲ್ಲಿ ಸಂಸ್ಥೆಯೇ ದಿವಾಳಿಯೆದ್ದಿತು. ಆ ಹೆಸರಿನ ಆಟಗಳು ಹೊರಬರಲೇ ಇಲ್ಲ. ಬಿಬಿಸಿಯ ಛಾಯಾಗ್ರಾಹಕರು ಆ ದಿನಗಳಲ್ಲಿ ಒಂದು ಕಾರ್ಯಕ್ರಮಕ್ಕಾಗಿ ಅಲ್ಲಿಯೇ ಇದ್ದು ಆ ಪತನವನ್ನು ಚಿತ್ರಿಸಿಕೊಂಡಿದ್ದರು. ಆಟಕ್ಕಿಂತ ಅದರ ಮರಣದ ದಾಖಲೆಯೇ ಹೆಚ್ಚು ಜನ ನೋಡುವಂತಾದ ವಿಚಿತ್ರ ಇದು. ಹೊಸ ಉದ್ಯಮವೊಂದು ಹೇಗೆ ಉಬ್ಬಿ ಹೇಗೆ ಒಡೆಯಿತೆಂಬುದನ್ನು ಯಶಸ್ಸಿನ ಕಥೆಗಳಿಂದ ತಿಳಿಯುವುದಕ್ಕಾಗದು; ಹೊರಬಾರದೆ ಹೋದ ಆಟವೇ ಅದನ್ನು ಹೇಳಬಲ್ಲದು.

ಇದೆಲ್ಲ ಹೊರದೇಶದ ಮಾತಾಯಿತು. ನಮ್ಮ ನಾಡಿನ ಸಂಗತಿಯೂ ಉಂಟು. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಧ್ರುವ ಇಂಟರಾಕ್ಟಿವ್, ಭಾರತದ ಮೊದಮೊದಲ ಆಟ ತಯಾರಕ ಸಂಸ್ಥೆಗಳಲ್ಲೊಂದು. ಫ್ರಾನ್ಸಿನ ಇನ್ಫೋಗ್ರಾಮ್ಸ್ ಸಂಸ್ಥೆಗಾಗಿ ಅದು ಕೈಗೆತ್ತಿಕೊಂಡ ಮೊದಲ ದೊಡ್ಡ ಕೆಲಸ ‘ಮಿಷನ್: ಇಂಪಾಸಿಬಲ್’ ಆಟವನ್ನು ಪರ್ಸನಲ್ ಕಂಪ್ಯೂಟರಿಗೆ ಅಳವಡಿಸುವುದು. ಆ ಆಟ ನಿಂಟೆಂಡೊ ಯಂತ್ರಕ್ಕೆ 1998ರಲ್ಲಿಯೂ ಪ್ಲೇಸ್ಟೇಷನ್ ಯಂತ್ರಕ್ಕೆ 1999ರಲ್ಲಿಯೂ ಬಂದಿತು. ಕಂಪ್ಯೂಟರಿನ ಆವೃತ್ತಿ ಮಾತ್ರ ಪೇಟೆಗೆ ಬರಲಿಲ್ಲ. ಮುಂದೆ ಧ್ರುವ ಸಂಸ್ಥೆ 2017ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಸಂಸ್ಥೆಗೂ, 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಸಂಸ್ಥೆಗೂ ಸೇರಿತು. ಬೆಂಗಳೂರಿನ ತರುಣರು ಜಾಗತಿಕ ಮಟ್ಟದ ಆಟವೊಂದಕ್ಕೆ ಕೈಹಚ್ಚಿದ ಆರಂಭದ ಪಾಠ ಯಾವುದೆಂದು ವಿದ್ಯಾರ್ಥಿಯೊಬ್ಬ ಕೇಳಿದರೆ, ಅಂಗಡಿಯಲ್ಲಿ ಮಾರಾಟವಾದ ಪೆಟ್ಟಿಗೆಯೊಂದನ್ನು ತೋರಿಸಿ ಉತ್ತರಿಸುವಂತಿಲ್ಲ. ಈ ಉದ್ಯಮದ ಚರಿತ್ರೆಯ ಮೊದಲ ಅಧ್ಯಾಯಗಳಲ್ಲೊಂದು ಹೊರಬಾರದ ಆಟದಲ್ಲಿದೆ. ಸಂಸ್ಥೆಯೊಂದು ಕೈಯಿಂದ ಕೈಗೆ ಹೋದಾಗಲೆಲ್ಲ ಹಳೆಯ ಕಾಗದಪತ್ರಗಳಿಗೂ ಡಿಸ್ಕುಗಳಿಗೂ ಅಪಾಯದ ಗಳಿಗೆಯೊಂದು ಬರುತ್ತದೆಂಬುದು, ಮನೆ ಪಾಲಾದಾಗ ಹಿರಿಯರ ಕಡತಗಳ ಗತಿಯನ್ನು ಕಂಡ ನಮಗೆ ವಿವರಿಸಬೇಕಾದ ಮಾತಲ್ಲ.

ಒಂದು ಕಲೆಯ ಬಾಲ್ಯ ಹೇಗೆ ಅಳಿದುಹೋಗುತ್ತದೆಂಬುದನ್ನು ಪುತ್ತೂರಿನವರು ದೂರ ಹುಡುಕಬೇಕಾಗಿಲ್ಲ. ಪುತ್ತೂರನ್ನು ದಶಕಗಳ ಕಾಲ ಮನೆ ಮಾಡಿಕೊಂಡಿದ್ದ ಶಿವರಾಮ ಕಾರಂತರು ಯೌವನದಲ್ಲಿ ಸಿನಿಮಾಕ್ಕೂ ಕೈಹಾಕಿದ್ದರು. 1930ರ ಆಚೀಚೆಗೆ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಮೂಕಿ ಚಿತ್ರಗಳನ್ನು ಅವರು ಮಾಡಿದರು. ಪರ್ಲಡ್ಕದ ಬಾಲವನದಲ್ಲಿ ಅವರ ಮನೆ ಸ್ಮಾರಕವಾಗಿ ನಿಂತಿದೆ. ಅವರ ಕಾದಂಬರಿಗಳು ಅಂಗಡಿಯಲ್ಲಿ ಸಿಗುತ್ತವೆ. ಆ ಚಿತ್ರಗಳನ್ನು ಮಾತ್ರ ನಾವು ನೋಡುವಂತಿಲ್ಲ. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿಯೂ ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ಸ್ಥಾಪನೆಯಾದದ್ದು 1964ರಲ್ಲಿ. ಅಷ್ಟರೊಳಗೆ ದೇಶದ ಮೂಕಿ ಚಿತ್ರಗಳ ಬಹುಭಾಗ ಹಾಳಾಗಿತ್ತು. ‘ಸಿನಿಮಾವೆಂದರೆ ಹೊತ್ತುಗಳೆಯುವ ಸಾಧನ’ ಎಂದು ಆಗಲೂ ದೊಡ್ಡವರು ಹೇಳಿರಬೇಕು. ಕಾರಂತರ ಕಾದಂಬರಿಗಳಲ್ಲಿ ಕಣ್ಣಿಗೆ ಕಟ್ಟುವಂತೆ ಬರುವ ದೃಶ್ಯಗಳಿಗೂ ಅವರ ಸಿನಿಮಾದ ಪ್ರಯೋಗಕ್ಕೂ ಸಂಬಂಧವಿತ್ತೇ ಎಂದು ವಿದ್ವಾಂಸನೊಬ್ಬ ಶೋಧಿಸಹೊರಟರೆ ಅವನ ಮುಂದೆ ಹೆಸರುಗಳುಂಟು, ಚಿತ್ರಗಳಿಲ್ಲ. ಪ್ರಯೋಗವನ್ನು ಕಳೆದುಕೊಂಡವರು ಸಾಧನೆಯ ಅರ್ಥದಲ್ಲಿಯೂ ಒಂದು ಪಾಲನ್ನು ಕಳೆದುಕೊಳ್ಳುತ್ತಾರೆ.

ಕಂಪ್ಯೂಟರ್ ಆಟಗಳ ವಿಚಾರದಲ್ಲಿ ನಾವೀಗ ಆ 1964ರಂತಹ ಗಳಿಗೆಯಲ್ಲಿದ್ದೇವೆ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ ಎಂಬ ಸಂಸ್ಥೆ, ಸಾಫ್ಟ್‌ವೇರ್ ಪ್ರಿಸರ್ವೇಷನ್ ನೆಟ್‌ವರ್ಕ್ ಜೊತೆಗೂಡಿ 2023ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿತು. ಆ ದೇಶದಲ್ಲಿ 2010ಕ್ಕಿಂತ ಮೊದಲು ಬಿಡುಗಡೆಯಾದ ಹಳೆಯ ಆಟಗಳಲ್ಲಿ ನೂರಕ್ಕೆ 87ರಷ್ಟು ಇಂದು ಅಂಗಡಿಯಲ್ಲಿ ಕೊಳ್ಳಲು ಸಿಗುವುದಿಲ್ಲವೆಂದು ಅದು ಹೇಳಿದೆ. ಸಾವಿರಾರು ಪ್ರತಿಗಳಲ್ಲಿ ಮಾರಾಟವಾದ ಆಟಗಳ ಪಾಡೇ ಹೀಗಿರುವಲ್ಲಿ, ಒಂದೋ ಎರಡೋ ಪ್ರತಿಯಲ್ಲಿ ಮಾತ್ರ ಇದ್ದು, ಒಬ್ಬನ ಮೇಜಿನ ಸೆಳೆಖಾನೆಯಲ್ಲಿ ಉಳಿದ ಆಟದ ಪಾಡೇನು?

ಇದು ದೂರದ ಉದ್ಯಮಗಳ ಚಿಂತೆಯೆಂದು ವಾಚಕರು ಭಾವಿಸದಿರಲೆಂದು ನಾನು ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಸುಳ್ಯದ ಕಡೆಯ ತರುಣರೊಬ್ಬರು 1990ರ ದಶಕದ ಕೊನೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಗ ಕೊನೆಯ ವರುಷದ ಪ್ರಾಜೆಕ್ಟಿಗಾಗಿ ಚೆನ್ನೆಮಣೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿದ್ದರು. ಹದಿನಾಲ್ಕು ಗುಳಿಗಳು, ಗುಳಿಗೆ ನಾಲ್ಕರಂತೆ ಮಂಜೊಟ್ಟಿ ಕಾಯಿಗಳು, ಎದುರಾಳಿ ಕಂಪ್ಯೂಟರು. ಆಟಿಯ ಮಳೆಗಾಲದಲ್ಲಿ ಮನೆಯ ಹೆಂಗಸರು ಆಡುತ್ತಿದ್ದ ಬಗೆಗಳಲ್ಲಿ ಮೂರನ್ನು ಅವರು ತಮ್ಮ ಅಜ್ಜಿಯ ಮುಂದೆ ಕುಳಿತು ಕೇಳಿ, ನಿಯಮಗಳನ್ನಾಗಿ ಬರೆದುಕೊಂಡು ಪ್ರೋಗ್ರಾಮಿಗೆ ಇಳಿಸಿದ್ದರು. ಅದನ್ನು ಮಾರುವ ಆಸೆಯೂ ಇತ್ತು, ಕೊಳ್ಳುವವರು ಸಿಗಲಿಲ್ಲ. ಪರೀಕ್ಷೆ ಮುಗಿಯಿತು, ಅವರು ಬೆಂಗಳೂರಿಗೆ ಕೆಲಸಕ್ಕೆ ಹೋದರು. ಕಾಲೇಜಿಗೆ ಒಪ್ಪಿಸಿದ ಪ್ರತಿ ಹಳೆಯ ಸಾಮಾನಿನೊಡನೆ ಗುಜರಿಗೆ ಹೋಯಿತು. ಇಪ್ಪತ್ತು ವರುಷ ಕಳೆದ ಮೇಲೆ ಮನೆಯ ಅಟ್ಟದಲ್ಲಿ ಅವರಿಗೆ ಎರಡು ಫ್ಲಾಪಿಗಳು ಸಿಕ್ಕಿದವು. ಎರಡಕ್ಕೂ ಬೂಷ್ಟು ಹಿಡಿದಿತ್ತು. ತಿಳಿದವರಿಂದ ಶುಚಿಮಾಡಿಸಿ ಓದಿಸಿದಾಗ ಒಂದು ಏನನ್ನೂ ಕೊಡಲಿಲ್ಲ. ಇನ್ನೊಂದರಿಂದ ಆಟದ ನಿಯಮಗಳ ಭಾಗ ಹೊರಬಂದಿತು. ಮಣೆಯ ಚಿತ್ರ ಬರೆಯುವ ಭಾಗ ಹೋಗಿತ್ತು. ಅಜ್ಜಿ ಆಗಲೇ ತೀರಿಕೊಂಡಿದ್ದರು. ಆ ಮೂರು ಬಗೆಗಳಲ್ಲಿ ಒಂದನ್ನು ಆಡಬಲ್ಲವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಆ ಹಳೆಯ ಸಾಲುಗಳನ್ನು ಓದಿ, ಮಣೆಯನ್ನು ಮುಂದಿಟ್ಟುಕೊಂಡು, ಅವರು ತಮ್ಮ ಮಗಳಿಗೆ ಅದನ್ನು ಕಲಿಸಿದರು.

ಪೇಟೆಗೆ ಬಾರದ ಆಟವೊಂದು ಮನೆಯ ಆಟವೊಂದನ್ನು ಉಳಿಸಿದ ಬಗೆ ಇದು. ಅದರ ಬೆಲೆಯನ್ನು ಮಾರಾಟದ ಲೆಕ್ಕದಿಂದ ಕಟ್ಟುವುದು ಹೇಗೆ? 1986ರಲ್ಲಿ ಸುಳ್ಯದಲ್ಲಿಯೂ 2001ರಲ್ಲಿ ಪುತ್ತೂರಿನಲ್ಲಿಯೂ ಇಂಜಿನಿಯರಿಂಗ್ ಕಾಲೇಜುಗಳು ತೆರೆದ ಮೇಲೆ, ಈ ಎರಡು ತಾಲೂಕುಗಳಿಂದ ಹಳ್ಳಿಗಳನ್ನು ಪಡೆದು ರೂಪುಗೊಂಡ ಕಡಬವನ್ನೂ ಸೇರಿಸಿಕೊಂಡು, ಕಂಪ್ಯೂಟರ್ ವಿದ್ಯೆ ಕಲಿತವರೊಬ್ಬರಾದರೂ ಇಲ್ಲದ ಊರು ನಮ್ಮಲ್ಲಿ ವಿರಳ. ಅವರಲ್ಲಿ ಎಷ್ಟು ಮಂದಿ ಕಲಿಯುವ ಉತ್ಸಾಹದಲ್ಲಿ ಒಂದು ಆಟವನ್ನು ಆರಂಭಿಸಿ ಬಿಟ್ಟಿಲ್ಲ!

ಇಲ್ಲಿ ಒಂದು ಆಕ್ಷೇಪವನ್ನು ಗೌರವದಿಂದ ಎದುರಿಸಬೇಕು. ಕರ್ತೃ ಬೇಡವೆಂದು ಬದಿಗಿಟ್ಟ ಕೃತಿಯನ್ನು ಹೊರಗೆಳೆಯುವುದು ನ್ಯಾಯವೇ? ಹರಿದೆಸೆಯಬೇಕಾದ ಕರಡನ್ನು ಲೋಕದ ಮುಂದೆ ಹಿಡಿದರೆ ಯಾವ ಲೇಖಕ ಸಹಿಸಿಯಾನು? ಮಾತಿನಲ್ಲಿ ಹುರುಳಿದೆ. ಆದರೆ ಕಾಪಿಡುವುದು ಬೇರೆ, ಪ್ರಕಟಿಸುವುದು ಬೇರೆ. ಸಾಹಿತಿಗಳ ಖಾಸಗಿ ಪತ್ರಗಳನ್ನು ಇಷ್ಟು ವರುಷ ತೆರೆಯಬಾರದೆಂಬ ನಿಬಂಧನೆಯೊಡನೆ ಗ್ರಂಥಭಂಡಾರಕ್ಕೆ ಒಪ್ಪಿಸುವ ಪದ್ಧತಿ ಲೋಕದಲ್ಲಿ ಉಂಟು. ಆಟಕ್ಕೂ ಅದೇ ನಿಬಂಧನೆಯನ್ನು ಹಾಕಬಹುದು. ಕರ್ತೃ ಬೇಡವೆಂದರೆ ಅದು ಮುಚ್ಚಿದ ಲಕೋಟೆಯಲ್ಲಿ ಇರಲಿ. ಗೆದ್ದಲಿಗೂ ಬೂಷ್ಟಿಗೂ ಆಹಾರವಾಗುವುದು ಬೇಡ. ಮುಚ್ಚಿಟ್ಟದ್ದನ್ನು ಮುಂದೊಂದು ದಿನ ತೆರೆಯಬಹುದು, ಹಾಳಾದದ್ದನ್ನು ತೆರೆಯುವುದಕ್ಕಿಲ್ಲ.

ಎರಡನೆಯದು ಕಾಯಿದೆಯ ತೊಡಕು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯಕೃತಿಯ ಸಾಲಿಗೇ ಸೇರಿಸುತ್ತದೆ. ಸಾಹಿತ್ಯಪ್ರಿಯರು ಮೆಚ್ಚಬೇಕಾದ ವ್ಯಾಖ್ಯೆ! ಸಂಬಳಕ್ಕೆ ದುಡಿಯುವವನು ಕೆಲಸದ ಅಂಗವಾಗಿ ಬರೆದದ್ದು, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ಒಡೆಯನ ಸ್ವತ್ತು. ಆದುದರಿಂದ ಕಂಪೆನಿಗಳು ಕೈಬಿಟ್ಟ ಆಟಗಳನ್ನು ಕಟ್ಟಿದವರೇ ಹೊರತರುವಂತಿಲ್ಲ. 2012ರ ತಿದ್ದುಪಡಿ ಸಾರ್ವಜನಿಕ ಗ್ರಂಥಾಲಯಗಳಿಗೆ ಒಂದು ಅನುಕೂಲವನ್ನು ಮಾಡಿಕೊಟ್ಟಿತು: ಲಾಭದ ಉದ್ದೇಶವಿಲ್ಲದ ಗ್ರಂಥಾಲಯ ಸಂರಕ್ಷಣೆಗಾಗಿ ಕೃತಿಯನ್ನು ವಿದ್ಯುನ್ಮಾನ ರೂಪದಲ್ಲಿ ಇರಿಸಿಕೊಳ್ಳಬಹುದು. ಆದರೆ ಒಂದು ಷರತ್ತು, ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿ ಗ್ರಂಥಾಲಯದಲ್ಲಿ ಮೊದಲೇ ಇರಬೇಕು. ಪುಸ್ತಕಕ್ಕೆ ಇದು ಸರಿ. ಹುಟ್ಟಿನಿಂದಲೇ ಡಿಜಿಟಲ್ ಆದ ಆಟಕ್ಕೆ ಬೇರೆ ರೂಪದ ಪ್ರತಿಯನ್ನು ಎಲ್ಲಿಂದ ತರುವುದು? ಪ್ರಕಟವಾದ ಪುಸ್ತಕದ ಪ್ರತಿಗಳನ್ನು ನಿಗದಿಯಾದ ಗ್ರಂಥಾಲಯಗಳಿಗೆ ಒಪ್ಪಿಸಬೇಕೆಂದು 1954ರ ಕಾಯಿದೆ ವಿಧಿಸಿದೆ. ಆಟಕ್ಕೆ ಅಂತಹ ವಿಧಿಯಿಲ್ಲ, ಪ್ರಕಟವಾಗದ ಆಟಕ್ಕಂತೂ ಕೇಳುವುದೇ ಬೇಡ. ಶಾಸನ ಮಾಡುವವರು ಈ ಕೊರತೆಯನ್ನು ನೀಗಿಸಬೇಕು. ಹುಟ್ಟು ಡಿಜಿಟಲ್ ಆದ ಕೃತಿಗಳಿಗೂ ಸಂರಕ್ಷಣೆಯ ಅವಕಾಶವನ್ನು ವಿಸ್ತರಿಸುವ ಒಂದು ವಾಕ್ಯ ಸಾಕು.

ಆದರೆ ನಮ್ಮ ಮೂರು ತಾಲೂಕುಗಳ ಮಟ್ಟಿಗೆ ಈ ತೊಡಕು ಬಹಳ ಕಡಿಮೆ. ವಿದ್ಯಾರ್ಥಿ ತಾನಾಗಿ ಬರೆದದ್ದು ಸಾಮಾನ್ಯವಾಗಿ ವಿದ್ಯಾರ್ಥಿಯದೇ. ಅವನೊಪ್ಪಿದರೆ ತಡೆಯುವವರಿಲ್ಲ. ಬೇಕಾದದ್ದು ಒಂದು ಕಪಾಟು, ಒಂದು ದಾಖಲೆ ಪುಸ್ತಕ, ಆಸಕ್ತಿಯುಳ್ಳ ಒಬ್ಬ ಅಧ್ಯಾಪಕರು.

ಮಾಡಬೇಕಾದುದೇನೆಂಬುದನ್ನು ಸಂಗ್ರಹವಾಗಿ ಹೇಳುತ್ತೇನೆ. ಫ್ಲಾಪಿಯಲ್ಲಿ ಅಕ್ಷರವನ್ನು ಹಿಡಿದಿರುವುದು ತೆಳುವಾದೊಂದು ಕಾಂತಲೇಪ. ಮನೆಯಲ್ಲಿ ಬರೆದ ಸಿ.ಡಿ.ಯಲ್ಲಿ ಒಂದು ಬಣ್ಣದ ಪದರ. ಎರಡೂ ನಮ್ಮ ತೇವಕ್ಕೆ ಬಹುಕಾಲ ತಾಳುವವಲ್ಲ. ಬೂಷ್ಟು ಹಿಡಿದ ಫ್ಲಾಪಿಯನ್ನು ಹಾಗೆಯೇ ಯಂತ್ರಕ್ಕೆ ತುರುಕಿದರೆ ಲೇಪ ಕೆರೆದುಹೋಗುತ್ತದೆ, ಯಂತ್ರದ ತಲೆಯೂ ಕೆಡುತ್ತದೆ. ಅದನ್ನು ಮೊದಲು ಬಲ್ಲವರಿಂದ ಶುಚಿಮಾಡಿಸಬೇಕು. ಓದುವಾಗ ಒಂದೊಂದು ಕಡತವನ್ನು ನಕಲು ಮಾಡದೆ ಇಡಿಯ ಡಿಸ್ಕಿನ ಪ್ರತಿಬಿಂಬವನ್ನೇ ತೆಗೆದಿಡಬೇಕು. ಅಳಿಸಿದ್ದೆಂದು ತೋರುವ ಭಾಗದಲ್ಲಿಯೂ ಹಳೆಯ ಕರಡು ಅಡಗಿರಬಹುದು. ಅಂತಹ ಪ್ರತಿಬಿಂಬ ಕೈಯಲ್ಲಿದ್ದರೆ, ಹಳೆಯ ಯಂತ್ರದ ನಡೆಯನ್ನು ಅನುಕರಿಸುವ ಎಮ್ಯುಲೇಟರ್ ಎಂಬ ಪ್ರೋಗ್ರಾಮಿನ ನೆರವಿನಿಂದ ಆಟವನ್ನು ಇಂದಿನ ಕಂಪ್ಯೂಟರಿನಲ್ಲಿಯೂ ಆಡಬಹುದು. ಪ್ರತಿಗಳು ಎರಡು ಊರುಗಳಲ್ಲಿರಲಿ: ಪುತ್ತೂರಿನದೊಂದು ಸುಳ್ಯದಲ್ಲಿ, ಸುಳ್ಯದ್ದೊಂದು ಪುತ್ತೂರಿನಲ್ಲಿ.

ಡಿಸ್ಕು ಸಿಗದಿದ್ದರೂ ಕೆಲಸ ನಿಲ್ಲಬೇಕಾಗಿಲ್ಲ. ಆಟದ ಹೆಸರು, ವರುಷ, ಯಂತ್ರ, ಬರೆದ ಭಾಷೆ, ನಿಂತುಹೋದ ಕಾರಣ ಇವನ್ನು ದಾಖಲಿಸಬೇಕು. ನೋಟುಪುಸ್ತಕದಲ್ಲಿ ಬರೆದ ನಕ್ಷೆ, ಕಂಪೆನಿಗೆ ಬರೆದ ಪತ್ರ, ಬಂದ ತಿರಸ್ಕಾರದ ಉತ್ತರ ಇವೂ ಆಧಾರಗಳೇ. ಕಟ್ಟಿದವರ ಮಾತನ್ನು ಅವರವರ ಭಾಷೆಯಲ್ಲಿಯೇ, ಕನ್ನಡದಲ್ಲಾಗಲಿ ತುಳುವಿನಲ್ಲಾಗಲಿ ಅರೆಭಾಷೆಯಲ್ಲಾಗಲಿ, ಧ್ವನಿಮುದ್ರಿಸಿಕೊಳ್ಳಬೇಕು. ಚರಿತ್ರೆಯನ್ನು ಬರೆಯತೊಡಗಿದರೆ ವಸ್ತು ತಾನಾಗಿ ಹೊರಬರುವುದೂ ಉಂಟು. ಅಮೆರಿಕದ ಮ್ಯಾಕ್ಸಿಸ್ ಸಂಸ್ಥೆ ಷೆವ್ರಾನ್ ತೈಲ ಕಂಪೆನಿಗಾಗಿ 1990ರ ದಶಕದ ಆರಂಭದಲ್ಲಿ ‘ಸಿಮ್‌ರಿಫೈನರಿ’ ಎಂಬುದೊಂದನ್ನು ಮಾಡಿಕೊಟ್ಟಿತ್ತು. ಅದು ಸಾರ್ವಜನಿಕರಿಗೆ ಮಾರಾಟಕ್ಕೆ ಬರಲೇ ಇಲ್ಲ. 2020ರಲ್ಲಿ ಅದರ ಚರಿತ್ರೆ ಪ್ರಕಟವಾದ ಕೆಲವೇ ದಿನಗಳಲ್ಲಿ ಎಲ್ಲಿಯೋ ಉಳಿದಿದ್ದ ಡಿಸ್ಕೊಂದು ಹೊರಬಂದು ಇಂಟರ್‌ನೆಟ್ ಆರ್ಕೈವ್ ಭಂಡಾರವನ್ನು ಸೇರಿತು. ಅದನ್ನು ಇಟ್ಟುಕೊಂಡವರಿಗೆ ಅದರ ಬೆಲೆ ತಿಳಿದದ್ದು ಬೇರೊಬ್ಬರು ಅದರ ಬಗ್ಗೆ ಬರೆದ ಮೇಲೆ.

ಈ ಕೆಲಸವನ್ನು ಕಾಲೇಜುಗಳ ಕನ್ನಡ ಸಂಘಗಳೂ ಕಂಪ್ಯೂಟರ್ ವಿಭಾಗಗಳೂ ಕೂಡಿ ಮಾಡಬೇಕೆಂಬುದು ನನ್ನ ಅಪೇಕ್ಷೆ. ಡಿಸ್ಕನ್ನು ಓದುವ ವಿದ್ಯೆ ಒಬ್ಬರದು. ತಾಳೆಗರಿಯ ಕಾಲದಿಂದ ಬಂದ, ಪಾಠಾಂತರವನ್ನು ಗುರುತಿಸಿ ಕರ್ತೃವಿನ ಕಾಲದೇಶಗಳನ್ನು ನಿರ್ಣಯಿಸುವ ವಿದ್ಯೆ ಇನ್ನೊಬ್ಬರದು. ಆಟವೊಂದರ ಮೂರು ಕರಡುಗಳು ಸಿಕ್ಕಿದಾಗ ಯಾವುದು ಮೊದಲಿನದು, ಯಾವುದು ತಿದ್ದಿದ್ದು ಎಂದು ಕೇಳುವ ಪ್ರಶ್ನೆ ಗ್ರಂಥಸಂಪಾದಕನ ಪ್ರಶ್ನೆಯೇ ಹೊರತು ಬೇರೆಯಲ್ಲ.

ಅಡಿಕೆ ಬೆಳೆಯುವ ನಾಡು ನಮ್ಮದು. ಕೊಳೆರೋಗಕ್ಕೆ ಮದ್ದು ಬಿಡುವುದು ಮಳೆ ಹಿಡಿಯುವ ಮುಂಚೆ. ಕಾಯಿ ಉದುರತೊಡಗಿದ ಮೇಲೆ ಬಿಟ್ಟರೆ ಉದುರಿದ್ದು ಮರಕ್ಕೆ ಮರಳುವುದಿಲ್ಲ. 1990ರ ದಶಕದ ಡಿಸ್ಕುಗಳಿಗೆ ಇದೇ ಮುಂಗಾರಿನ ಮುಂಚಿನ ವಾರ. ಬೇಸಗೆಯ ರಜೆಯಲ್ಲಿ ಬೆಂಗಳೂರಿನಿಂದಲೋ ಹೊರದೇಶದಿಂದಲೋ ಊರಿಗೆ ಬರುವ ಮಕ್ಕಳಿಗೆ ಮನೆಯವರು ಒಂದು ಕೆಲಸವನ್ನು ವಹಿಸಲಿ: ಅಟ್ಟ ಹತ್ತಿ ಹಳೆಯ ಡಿಸ್ಕಿನ ಪೆಟ್ಟಿಗೆಯನ್ನು ಇಳಿಸುವುದು, ಒಳಗಿರುವುದು ಏನೆಂದು ಚೀಟಿಯಲ್ಲಿ ಬರೆದು ಅಂಟಿಸುವುದು, ಗುಜರಿಯವನ ಕೈಗೆ ಕೊಡುವ ಮೊದಲು ಅಧ್ಯಾಪಕರೊಬ್ಬರಿಗೆ ತೋರಿಸುವುದು.